ಕುಡಿತ ಬಿಟ್ಟವರ ಪರವಾಗಿ ನಿಲ್ಲುವುದು ಹೇಗೆ?

ಸಕಲೇಶಪುರದ ಕಡೆ ನಾವಿದ್ದ ಕಾಫಿ ತೋಟದಲ್ಲಿ ಶನಿವಾರ ಸಂಜೆ ಬಟವಾಡೆ. ನಮ್ಮಣ್ಣ ಕುಡಿತ ಬಿಟ್ಟು ಎರಡು ತಿಂಗಳು ದಾಟಿತ್ತು. ತೋಟದ ಲೆಕ್ಕ ಬರೆಯುವ ರೈಟರ ಮೇಜಿನ ಮುಂದಿನ ಸಾಲಿನಲ್ಲಿ ಅವನು ನಿಂತಿದ್ದ, ಅವನ ಹಿಂದೆ ನಾನು. ದುಡ್ಡು ಎಣಿಸಿ ಕೈಗೆ ಕೊಡುವಾಗ ಮೇಸ್ತ್ರಿ ಅವನ ಹೆಗಲು ತಟ್ಟಿ, "ಏನಪ್ಪಾ, ಇವತ್ತಾದ್ರೂ ಒಂದ್ ನೈಂಟಿ ಹಾಕ್ತೀಯೋ, ಇನ್ನೂ ಸನ್ಯಾಸನೋ?" ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ತಡೆಯಲಾಗಲಿಲ್ಲ. "ಹಾಸನದ ಆಸ್ಪತ್ರೇಲಿ ತೋರಿಸ್ತಿದೀವಿ, ಮಾತ್ರೆ ತಗೊಳ್ತಿದಾನೆ, ಸುಮ್ನೆ ಕೆಣಕ್ಬೇಡಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ. ಅಣ್ಣ ತುಟಿ ಬಿಚ್ಚಲಿಲ್ಲ. ಕೆಲಸಗಾರರ ಲೈನ್ ಮನೆಗೆ ಇಳಿಯುವ ದಾರಿಯಲ್ಲಿ ನನ್ನನ್ನು ಬಿಟ್ಟು ಹತ್ತು ಮಾರು ಮುಂದೆ ನಡೆದ. ಬೇಲಿಯ ಹತ್ತಿರ ನಿಂತು ತಿರುಗಿ, "ಮಾತ್ರೆ ವಿಷ್ಯ ಯಾಕವ್ವ ಹೇಳ್ದೆ? ಅದು ನನ್ದು ಕಣವ್ವ" ಅಂದ.

ಅವನ ಪರ ಮಾತಾಡಿದೆ ಅಂದುಕೊಂಡಿದ್ದೆ. ನಿಜಕ್ಕೂ ಆಗಿದ್ದು, ಅವನ ಮನಸ್ಸಿನೊಳಗಿದ್ದ ಒಂದು ವಿಷಯವನ್ನು ಅವನನ್ನು ಕೇಳದೆ ಊರಿಗೆ ಹಂಚಿದ್ದು. ಆಮೇಲೆ ನಮ್ಮ ಸ್ತ್ರೀಶಕ್ತಿ ಸಂಘದ ಅಕ್ಕಂದಿರ ಮನೆಗಳಲ್ಲಿ ಇಂಥ ಐದಾರು ಜನರ ಜೊತೆ ಆಸ್ಪತ್ರೆಗೆ, ತೋಟದ ಆಫೀಸಿಗೆ, ಪಂಚಾಯಿತಿಗೆ ಓಡಾಡಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆ ಯಾರ ಮನೆಯಲ್ಲಾದರೂ ಒಬ್ಬರು ಕುಡಿತವನ್ನೋ ಗಾಂಜಾವನ್ನೋ ಬಿಟ್ಟು ಬದುಕು ಕಟ್ಟಿಕೊಳ್ಳಲು ಹೆಣಗುತ್ತಿದ್ದರೆ, ಅವರ ಬೆನ್ನಿಗೆ ನಿಲ್ಲುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅವರನ್ನೇ ಕೇಳಿ, ಕೇಳಿದ್ದನ್ನು ಬರೆದಿಡಿ

ಮನಸ್ಸು ನೆಟ್ಟಗಿರುವ ಒಂದು ಬೆಳಿಗ್ಗೆ ಕೂತು ಮೂರು ವಿಷಯ ಕೇಳಿ. ಈ ವಿಚಾರ ಯಾರ್ಯಾರಿಗೆ ಗೊತ್ತಾಗಬಹುದು? ಯಾರಾದರೂ ಕೇಳಿದರೆ ನಾನು ಏನು ಹೇಳಲಿ? ನಿನಗೆ ತೀರಾ ಕಷ್ಟವಾದ ದಿನ ಮೊದಲು ಯಾರಿಗೆ ಫೋನ್ ಮಾಡಲಿ? ನಮ್ಮಣ್ಣ ಎರಡನೆಯದಕ್ಕೆ ಕೊಟ್ಟ ಉತ್ತರ ಇಷ್ಟೇ: "ಅವನಿಗೆ ಆಗಲ್ವಂತೆ ಅನ್ನು, ಸಾಕು." ಆರು ವರ್ಷದಿಂದ ನಾನು ಹೊರಗಿನವರಿಗೆ ಹೇಳುತ್ತಿರುವುದು ಅದೊಂದೇ ಮಾತು.

ಇದಕ್ಕೆ ಕಾನೂನಿನ ಬಲವೂ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಅಂದರೆ ಆ ಕಾಯ್ದೆಯ ಹಕ್ಕುಗಳೆಲ್ಲ ಇವರಿಗೂ ಸಲ್ಲುತ್ತವೆ. ಅದರ 14ನೇ ಕಲಂ ಪ್ರಕಾರ, ಚಿಕಿತ್ಸೆಯ ವಿಚಾರದಲ್ಲಿ ತನ್ನ ಪರವಾಗಿ ನಿಲ್ಲುವವರು ಯಾರು ಎಂದು ಅವರೇ ಒಬ್ಬರನ್ನು ನೇಮಿಸಿಕೊಳ್ಳಬಹುದು. ಇದಕ್ಕೆ ಛಾಪಾ ಕಾಗದ ಬೇಡ, ವಕೀಲರೂ ಬೇಡ. ಬಿಳಿ ಹಾಳೆಯಲ್ಲಿ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಆಯಿತು. ನೇಮಕವಾದವರಿಗೆ 18 ವರ್ಷ ತುಂಬಿರಬೇಕು, ತಾವು ಒಪ್ಪಿದ್ದೇವೆ ಎಂದು ಬರೆದುಕೊಡಬೇಕು. ಬೇಡವೆನಿಸಿದಾಗ ನೇಮಿಸಿಕೊಂಡವರು ಆ ಹೆಸರು ಬದಲಿಸಬಹುದು. ನಾವು ಹಾಳೆಯ ಒಂದು ಪ್ರತಿ ಮಾಡಿ ಓಪಿಡಿ ಚೀಟಿಗಳ ಜೊತೆ ಪಿನ್ ಮಾಡಿಟ್ಟೆವು. ಮುಂದೆ ಎಲ್ಲೇ ಹೋದರೂ "ನೀವ್ಯಾರು?" ಎಂಬ ಪ್ರಶ್ನೆಗೆ ಅದೇ ಉತ್ತರವಾಯಿತು.

ಮಾತು ಸರಿಪಡಿಸಿಕೊಳ್ಳಿ

'ಕುಡುಕ' ಎಂಬ ಪದವನ್ನು ಮನೆಯೊಳಗೆ ನಿಲ್ಲಿಸಿ, ಪ್ರೀತಿಯಿಂದ ಬೈಯುವಾಗಲೂ. 'ಕುಡಿತದ ಕಾಯಿಲೆ ಇತ್ತು, ಈಗ ಚಿಕಿತ್ಸೆಯಲ್ಲಿದ್ದಾರೆ' ಎನ್ನಬಹುದು. ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ರೂಢಿ ಮಾಡಿಕೊಂಡರೆ ಆಯಿತು.

ಆಸ್ಪತ್ರೆಯಲ್ಲಿ ಜೊತೆಗಿರುವುದು

ಅತಿ ಹೆಚ್ಚು ಅಪಾಯ ಇರುವುದು ಬಿಟ್ಟ ಮೊದಲ ದಿನಗಳಲ್ಲಿ. ದಿನಾ ಕುಡಿಯುತ್ತಿದ್ದವರು ದೇವರ ಮೇಲೆ ಆಣೆ ಮಾಡಿ ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಕೊನೆಯ ಗುಟುಕು ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಗೋಡೆ ಮೇಲೆ ಹುಳ ಹರಿದಂತಾಗುವುದು, ಊರು ಮನೆ ಗುರುತು ಸಿಗದಿರುವುದು ಶುರುವಾಗಬಹುದು. ನಮ್ಮ ಕಡೆ ಇದನ್ನು ಗಾಳಿ ಸೋಕಿದೆ ಎಂದು ತಿಳಿದು ಯಂತ್ರ ಕಟ್ಟಿಸಲು ಕರೆದೊಯ್ಯುತ್ತಾರೆ. ಅಷ್ಟರಲ್ಲಿ ಜೀವ ಹೋದದ್ದೂ ಇದೆ. ಅದು ಮಿದುಳು ಮದ್ಯಕ್ಕೆ ಒಗ್ಗಿಹೋಗಿ, ಅದಿಲ್ಲದೆ ತತ್ತರಿಸುತ್ತಿರುವ ಸ್ಥಿತಿ. ತಕ್ಷಣ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ, ಅಂದರೆ ಎಲ್ಲರೂ ಹಿಮ್ಸ್ ಎನ್ನುವುದು, ಇದೆ. ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ. ದೂರದ ತಾಲ್ಲೂಕಿನವರಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಈ ವಾರ ಬರುತ್ತಾರೋ ಇಲ್ಲವೋ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡೇ ಬಸ್ಸು ಹತ್ತಿ. ಮೂಡಿಗೆರೆಯ ಒಳಹಳ್ಳಿಯಿಂದ ಬಂದು ಬರಿಗೈಲಿ ವಾಪಸ್ಸಾದವರು ಮತ್ತೊಮ್ಮೆ ಬರಲು ಮನಸ್ಸು ಮಾಡುವುದು ಕಷ್ಟ. ರಾತ್ರಿ ಹೊತ್ತಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆಂದೇ ಕೇಂದ್ರ ಸರ್ಕಾರದ ಸಹಾಯವಾಣಿ 14446.

ವೈದ್ಯರ ಮುಂದೆ ಕೂತಾಗ ಗಾಬರಿಯಲ್ಲಿ ಅರ್ಧ ಮರೆತುಹೋಗುತ್ತದೆ. ಆದ್ದರಿಂದ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಕೊನೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು ಕ್ವಾರ್ಟರ್, ಹಿಂದೆ ಫಿಟ್ಸ್ ಬಂದಿತ್ತೇ, ಕಾಮಾಲೆ ಆಗಿತ್ತೇ, ಬಿಪಿ ಸಕ್ಕರೆ ಮಾತ್ರೆ ಏನಿದೆ. ಊರ ಕ್ಲಿನಿಕ್ಕಿನಲ್ಲಿ 'ಸುಸ್ತು' ಎಂದಷ್ಟೇ ಹೇಳಿ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಕುಡಿತದ ವಿಷಯ ಮುಚ್ಚಿಡಬೇಡಿ. ಬಹಳ ಕುಡಿಯುವವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ತಯಾಮಿನ್, ಬತ್ತಿರುತ್ತದೆ. ಗ್ಲೂಕೋಸಿಗೆ ಮುಂಚೆ ಅದನ್ನು ಕೊಡದಿದ್ದರೆ ಮಿದುಳಿಗೆ ಪೆಟ್ಟು ಬೀಳಬಹುದು. "ತಯಾಮಿನ್ ಕೊಟ್ಟಿದೀರಾ ಸಾರ್?" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನಮ್ಮಣ್ಣನನ್ನು ಮೊದಲ ಸಲ ಕರೆದೊಯ್ದಾಗ ಒಂದು ಕಡೆ, "ವಾಸನೆ ಹೊಡೀತಿದೆ, ಬಿಟ್ಟ ಮೇಲೆ ಕರ್ಕೊಂಡ್ ಬನ್ನಿ" ಎಂದು ಬಾಗಿಲಲ್ಲೇ ಹೇಳಿದರು. ಆಗ ನನಗೆ ತಿರುಗಿ ಹೇಳಲು ಮಾತು ಗೊತ್ತಿರಲಿಲ್ಲ. ಈಗ ಗೊತ್ತು, ನೀವೂ ಕಲಿತುಕೊಳ್ಳಿ: "ಇವರಿಗೆ ಕೈ ನಡುಗ್ತಿದೆ, ಹಿಂದೆ ಫಿಟ್ಸ್ ಬಂದಿತ್ತು, ನಿಲ್ಸಿದ್ರೆ ಅಪಾಯ ಅಂತ ಗೊತ್ತು. ನೋಡಲ್ಲ ಅಂತಾದ್ರೆ ಚೀಟೀಲಿ ಬರೆದುಕೊಡಿ." ದನಿ ಏರಿಸಬೇಡಿ. ಬರೆದುಕೊಡಿ ಎಂಬ ಮಾತಿಗೆ ಬೆಲೆ ಇದೆ. 2017ರ ಕಾಯ್ದೆಯ 18ನೇ ಕಲಂ ಸರ್ಕಾರಿ ಸೇವೆ ಪಡೆಯುವ ಹಕ್ಕು ಕೊಡುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ಈ ಚಿಕಿತ್ಸೆ ಉಚಿತ ಎಂದೂ ಅದರಲ್ಲೇ ಇದೆ. ರೇಷನ್ ಕಾರ್ಡು ಬೇರೆ ಜಿಲ್ಲೆಯಲ್ಲಿರುವ ತೋಟದ ಕೆಲಸಗಾರರಿಗೆ ಇದು ಗೊತ್ತಿರಲೇಬೇಕಾದ ಮಾತು.

ಇನ್ನೊಂದು ವಿಷಯ, ಕೈಮುಗಿದು ಹೇಳುತ್ತೇನೆ. 'ಅವರಿಗೆ ಗೊತ್ತಾಗದಂತೆ ಕಾಫಿಯಲ್ಲಿ ಬೆರೆಸಿ ಕೊಡಿ, ಕುಡಿತ ತಾನೇ ಬಿಡುತ್ತದೆ' ಎಂದು ಸಂತೆಯಲ್ಲಿ ಪುಡಿ ಮಾರುತ್ತಾರೆ. ಕೆಲವರು ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೇ ಪುಡಿ ಮಾಡಿ ಸಾರಿಗೆ ಹಾಕುತ್ತಾರೆ. ಆ ಮಾತ್ರೆ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿಪಿ ಕುಸಿಯುತ್ತದೆ, ಹೃದಯ ದುರ್ಬಲವಾಗಿದ್ದರೆ ಸಾಯಬಹುದು. ಕೊನೆಯ ಮಾತ್ರೆಯಾಗಿ ಎರಡು ವಾರದವರೆಗೂ ಈ ಅಪಾಯ ಉಳಿದಿರುತ್ತದೆ. ಆದ್ದರಿಂದಲೇ ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ. ಬೆರೆಸಿದ ವಿಷಯ ಒಂದಲ್ಲ ಒಂದು ದಿನ ಹೊರಬೀಳುತ್ತದೆ. ಆಮೇಲೆ ನಿಮ್ಮ ಕೈಯಿಂದ ಅವರು ಒಂದು ಲೋಟ ನೀರನ್ನೂ ನಂಬಿ ಕುಡಿಯುವುದಿಲ್ಲ.

ಕೇಂದ್ರಕ್ಕೆ ಸೇರಿಸುವ ಮುಂಚೆ ನೀವೇ ಹೋಗಿ ನೋಡಿ

ಖಾಸಗಿ ವ್ಯಸನಮುಕ್ತಿ ಕೇಂದ್ರವಾದರೆ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗಕ್ಕೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಬೇಕು. ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮನೆಗೆ ಫೋನ್ ಮಾಡಲು ಬಿಡುತ್ತೀರಾ ಎಂದು ವಿಚಾರಿಸಿ. ಸರಪಳಿ ಹಾಕುವುದನ್ನು ಕಾನೂನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ, ಒತ್ತಾಯದಿಂದ ಕೆಲಸ ಮಾಡಿಸುವಂತಿಲ್ಲ, ಹೊಡೆಯುವಂತಿಲ್ಲ. ತಾವಾಗಿ ಒಪ್ಪಿ ಸೇರಿದವರು ಬಿಡುಗಡೆ ಕೇಳಬಹುದು. 'ಮೂರು ತಿಂಗಳು ಮುಖ ನೋಡುವ ಹಾಗಿಲ್ಲ, ದುಡ್ಡು ಮುಂಗಡ' ಎನ್ನುವ ಕಡೆ ನಿಮ್ಮವರನ್ನು ಬಿಟ್ಟು ಬರಬೇಡಿ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಎಂಟು ದಿನದ ಮದ್ಯವರ್ಜನ ಶಿಬಿರ ಎಲ್ಲರಿಗೂ ಗೊತ್ತು. ಶಿಬಿರದ ನಂತರ ನವಜೀವನ ಸಮಿತಿಗಳಲ್ಲಿ ಬಿಟ್ಟವರು ಒಟ್ಟಿಗೆ ಸೇರುತ್ತಾರೆ. ಆ ಒಟ್ಟಿಗೆ ಸೇರುವುದೇ ದೊಡ್ಡ ಶಕ್ತಿ ಎಂದು ನನ್ನ ಅನಿಸಿಕೆ. ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ಅಲ್ಲೂ ನಡೆಯುವುದು ಇದೇ: ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಇನ್ನೊಬ್ಬರು ಕೇಳುತ್ತಾರೆ, ಶುಲ್ಕವಿಲ್ಲ. ಯಾವ ದಾರಿ ಎಂಬುದು ಅವರ ಆಯ್ಕೆ. ದೇವರು ಬೇಡ, ಮಾತ್ರೆ ಸಾಕು ಎನ್ನುವವರೂ ಇದ್ದಾರೆ, ಭಜನೆಯಲ್ಲಿ ನೆಮ್ಮದಿ ಕಂಡವರೂ ಇದ್ದಾರೆ. ಆದರೆ ದಿನಾ ವಿಪರೀತ ಕುಡಿಯುತ್ತಿದ್ದವರು ಯಾವ ಶಿಬಿರಕ್ಕೆ ಹೋಗುವ ಮುಂಚೆಯೂ ವೈದ್ಯರಿಗೆ ತೋರಿಸಿಕೊಳ್ಳಲೇಬೇಕು, ಮೇಲೆ ಹೇಳಿದ ಫಿಟ್ಸ್ ಕಾರಣಕ್ಕೆ. ಫೋಟೊ ವಿಷಯದಲ್ಲೂ ಎಚ್ಚರವಿರಲಿ. ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಆಸ್ಪತ್ರೆ, ಕೇಂದ್ರಗಳು ಮಾಧ್ಯಮಕ್ಕೆ ಕೊಡುವಂತಿಲ್ಲ. ಎಲ್ಲೇ ಆಗಲಿ, ಗುಂಪು ಫೋಟೊಗೆ ನಿಲ್ಲಿಸುವಾಗ "ಇವರು ಒಪ್ಪಿದಾರಾ?" ಎಂದು ಕೇಳುವವರು ನೀವಾಗಿ. ವಾಟ್ಸಾಪಿಗೆ ಹೋದ ಚಿತ್ರ ಮಗಳ ಮದುವೆ ಮಾತುಕತೆಯವರೆಗೂ ಬರುತ್ತದೆ.

ಕೆಲಸದ ಜಾಗದಲ್ಲಿ

ಚಿಕಿತ್ಸೆಯ ಮೊದಲ ವಾರಗಳಲ್ಲಿ ಕೊಡುವ ಮಾತ್ರೆಗಳಿಗೆ ಮಂಪರು ಬರುತ್ತದೆ. ಅಂಥವರನ್ನು ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಹತ್ತಿಸಬಾರದು, ಮೆಣಸು ಕುಯ್ಯಲು ಏಣಿ ಏರಿಸಬಾರದು, ಟ್ರ್ಯಾಕ್ಟರ್ ಕೊಡಬಾರದು. ಇದನ್ನು ಕೇಳಲು ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ನಾನು ಸಾವ್ಕಾರರ ಹತ್ತಿರ ಹೋಗಿ, "ಅಣ್ಣಂಗೆ ಮೈ ಹುಷಾರಿಲ್ಲ, ಡಾಕ್ಟ್ರು ಒಂದ್ ತಿಂಗ್ಳು ಎತ್ತರ ಹತ್ಬೇಡ ಅಂದಿದಾರೆ, ಕಣದ ಕೆಲ್ಸ ಕೊಡಿ" ಎಂದು ಕೇಳಿದೆ. ಕಾಫಿ ಒಣಗಿಸುವ ಕಾಲ ಅದು. ಅಣ್ಣ ಬೆಳಗಿನಿಂದ ಸಂಜೆವರೆಗೆ ಕಣದಲ್ಲಿ ಕಾಫಿ ಎಳೆಯುತ್ತಾ ಇದ್ದ.

ಬಟವಾಡೆಯ ವಿಷಯಕ್ಕೆ ಬರುತ್ತೇನೆ. ಶನಿವಾರ ಸಂಜೆ, ಜೇಬಲ್ಲಿ ದುಡ್ಡು, ಗೆಳೆಯರೆಲ್ಲ ಪೇಟೆಗೆ ಹೊರಟ ಜೀಪು. ಇಡೀ ವಾರದಲ್ಲಿ ಅವನಿಗೆ ಕಷ್ಟದ ಗಂಟೆ ಅದೊಂದೇ. "ಕೂಲಿ ಅತ್ತಿಗೆ ಕೈಗೆ ಕೊಡ್ಸೋಣ" ಎಂದು ನಾನು ಹೇಳಹೊರಟಿದ್ದೆ. ಬೇಲಿ ಹತ್ತಿರದ ಮಾತು ನೆನಪಾಗಿ ಅವನನ್ನೇ ಕೇಳಿದೆ. "ನನ್ ದುಡಿಮೆ ನನ್ ಕೈಗೇ ಬರ್ಲಿ. ಸೋಮವಾರ ಬೆಳಿಗ್ಗೆ ಕೊಡ್ಲಿ, ಅಷ್ಟೇ" ಅಂದ. ರೈಟರಿಗೆ ಅದನ್ನು ಅವನೇ ಹೇಳಿದ, ನಾನು ಪಕ್ಕದಲ್ಲಿ ನಿಂತಿದ್ದೆ. ಬೇರೆ ಮನೆಗಳಲ್ಲಿ ಕೂಲಿಯನ್ನು ನೇರ ಬ್ಯಾಂಕಿಗೆ ಹಾಕಿಸಿಕೊಂಡವರಿದ್ದಾರೆ. ಹೆಂಡತಿಗೇ ಕೊಡಿ ಎಂದು ತಾವೇ ಬರೆದುಕೊಟ್ಟವರೂ ಇದ್ದಾರೆ.

ಹಬ್ಬ, ಬೀಗರೂಟ, ಎಡೆ

ಬೀಗರೂಟದಲ್ಲಿ, ಯುಗಾದಿ ಮಾರನೆಯ ಹೊಸತೊಡಕಿನಲ್ಲಿ ಲೋಟ ಹಿಡಿದು ಬಲವಂತ ಮಾಡುವ ಮಾವಂದಿರು ಎಲ್ಲ ಊರಲ್ಲೂ ಇದ್ದಾರೆ. ಊಟ ಮುಗಿದ ಕೂಡಲೇ ಹೊರಡಲು ಬೈಕು ಸಿದ್ಧವಿರಲಿ, ಕೈಯಲ್ಲಿ ಮೊದಲೇ ಒಂದು ಜ್ಯೂಸು ಇರಲಿ. ಅಷ್ಟರಿಂದ ಬಹಳ ಮಟ್ಟಿಗೆ ತಪ್ಪಿಸಿಕೊಳ್ಳಬಹುದು.

ಪಿತೃಪಕ್ಷ ಹಾಗಲ್ಲ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುತ್ತಾರೆ. ಅಪ್ಪನ ಫೋಟೊ ಮುಂದೆ ಬಾಳೆ ಎಲೆ, ಕಜ್ಜಾಯ, ವಡೆ, ಕೋಳಿ ಸಾರು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಹಿರಿಮಗನಾದ್ದರಿಂದ ಮುಚ್ಚಳ ತಿರುವಿ ಲೋಟಕ್ಕೆ ಬಗ್ಗಿಸಬೇಕಾದವನು ಅಣ್ಣನೇ. ಹಬ್ಬಕ್ಕೆ ಹತ್ತು ದಿನ ಇರುವಾಗ ಅವನೇ ಬಂದು, "ಅವ್ವಂಗೆ ನೀನ್ ಹೇಳವ್ವ, ನಂಗೆ ಬಾಯಿ ಬರಲ್ಲ" ಅಂದ. ಅವ್ವ ಮೊದಲು ಒಪ್ಪಲಿಲ್ಲ. "ಸತ್ತೋರಿಗೆ ಮಾಡೋದ್ನ ಬಿಟ್ರೆ ಮನೆಗೆ ಒಳ್ಳೇದಾಗ್ತದಾ?" ಎಂದು ಕೇಳಿದಳು. ನಾನು ವಾದ ಮಾಡಲಿಲ್ಲ. ಅಪ್ಪ ಬೆಳಗಾಗೆದ್ದು ಮೊದಲು ಏನು ಕೇಳ್ತಿದ್ದ ಎಂದಷ್ಟೇ ಕೇಳಿದೆ. ಅವ್ವ ಸುಮ್ಮನಾದಳು. ಅಮಾವಾಸ್ಯೆ ದಿನ ಒಲೆ ಮೇಲೆ ತಾನೇ ಬೆಲ್ಲದ ಕಾಫಿ ಕಾಸಿ, ಅಪ್ಪನ ಹಳೆಯ ಹಿತ್ತಾಳೆ ಲೋಟದಲ್ಲಿ ತುಂಬಿಸಿ ಅಣ್ಣನ ಕೈಗೆ ಕೊಟ್ಟಳು. ಬಿಸಿಗೆ ಅಂಚು ಸುಡುತ್ತಿತ್ತು, ಅವನು ಟವೆಲ್ಲಿನಲ್ಲಿ ಹಿಡಿದು ಎಲೆಯ ಬಲಕ್ಕೆ ಇಟ್ಟ.

ಇಂಥ ಮಾತನ್ನು ಹಬ್ಬದ ದಿನ ಎತ್ತಬೇಡಿ, ಹತ್ತು ದಿನ ಮುಂಚೆ ಎತ್ತಿ. ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರ ಹತ್ತಿರ ಒಬ್ಬರೇ ಇದ್ದಾಗ ಮಾತಾಡಿ.

ಪೊಲೀಸು, ಕೋರ್ಟು

ಗಾಂಜಾ, ಮಾತ್ರೆಗಳ ಚಟಕ್ಕೆ ಬಿದ್ದ ಹುಡುಗರ ಮನೆಯವರು ಇದನ್ನು ತಿಳಿದಿರಬೇಕು. ಮಾದಕವಸ್ತುಗಳ ಕಾಯ್ದೆ, 1985ರ 64ಎ ಕಲಂ ಇದೆ. ಸೇವನೆಯ ಆರೋಪವೋ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪವೋ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಒಳಗಾದರೆ, ಆ ಪ್ರಕರಣದಲ್ಲಿ ಶಿಕ್ಷೆಯ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದನ್ನು ಹಿಂದಕ್ಕೆ ಪಡೆಯಬಹುದು. ಮಾರಾಟದ ಆರೋಪಕ್ಕೆ ಇದು ಅನ್ವಯಿಸುವುದಿಲ್ಲ. ದುಡ್ಡು ತೆಗೆದುಕೊಂಡು 'ಸೆಟ್ಲ್' ಮಾಡಿಸುವವರ ಹಿಂದೆ ಹೋಗಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ ಉಚಿತ ವಕೀಲರನ್ನು ಕೇಳಿ.

ಮತ್ತೆ ಕುಡಿದ ದಿನ

ಆ ದಿನ ಬರಬಹುದು. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಜನ ಒಮ್ಮೆಯಾದರೂ ಮತ್ತೆ ಮುಟ್ಟುತ್ತಾರೆ ಎಂದು ವೈದ್ಯರು ಅಂದಾಜಿಸುತ್ತಾರೆ. ಬಿಪಿ, ಆಸ್ತಮಾ ಇರುವವರಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚುಕಮ್ಮಿ ಇಷ್ಟೇ. ನಮ್ಮಣ್ಣ ಹನ್ನೊಂದನೇ ತಿಂಗಳಲ್ಲಿ, ಗೆಳೆಯನೊಬ್ಬನ ಸಾವಿನ ಮನೆಯಿಂದ ಬರುವಾಗ ಕುಡಿದ. ಆ ರಾತ್ರಿ ಯಾರೂ ಮಾತಾಡಲಿಲ್ಲ, ಊಟ ಬಡಿಸಿದೆವು. ಬೆಳಿಗ್ಗೆ ಚೀಟಿಯಲ್ಲಿ ಅವನೇ ಬರೆಸಿದ್ದ ನಂಬರಿಗೆ ಫೋನ್ ಮಾಡಿದೆ. ಅದು ಅವನ ಜೊತೆ ಶಿಬಿರದಲ್ಲಿದ್ದ ಬೇಲೂರಿನ ಕಡೆಯ ಒಬ್ಬರದು. ಅವರು ಮಧ್ಯಾಹ್ನಕ್ಕೇ ಬಂದರು, ಇಬ್ಬರೂ ಕಾಫಿ ಗಿಡಗಳ ಮಧ್ಯೆ ಎಷ್ಟೋ ಹೊತ್ತು ಕೂತಿದ್ದರು. ಮಂಗಳವಾರ ಮತ್ತೆ ಆಸ್ಪತ್ರೆಗೆ ಹೋದೆವು. ಊರಿನವರು "ಎಲ್ಲಾ ಹಾಳಾಯ್ತಲ್ಲ" ಎಂದಾಗ ಹೇಳಲು ನಿಮ್ಮ ಬಳಿ ಲೆಕ್ಕ ಇರಲಿ: ಹತ್ತು ತಿಂಗಳು ಕುಡಿಯದೆ ಇದ್ದರು, ಒಂದು ದಿನ ಕುಡಿದರು, ಈಗ ಮತ್ತೆ ಚಿಕಿತ್ಸೆಯಲ್ಲಿದ್ದಾರೆ.

ಪರ ನಿಲ್ಲುವುದೆಂದರೆ ಹೊಡೆತ ಬಡಿತವನ್ನು ಮುಚ್ಚಿಹಾಕುವುದಲ್ಲ. ಅತ್ತಿಗೆ, ಮಕ್ಕಳು ಹೆದರಿ ಬದುಕುತ್ತಿದ್ದರೆ ಅವರ ಪರ ಮೊದಲು ನಿಲ್ಲಬೇಕು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. 'ಪಾಪ ಬಿಡ್ತಿದಾನಲ್ಲ, ಸಹಿಸ್ಕೊ' ಎಂದು ಆ ಹೆಣ್ಣುಮಗಳಿಗೆ ಹೇಳಲು ಯಾರಿಗೂ ಹಕ್ಕಿಲ್ಲ.

ಊರಿನ ಮಟ್ಟದಲ್ಲಿ

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ಟಿನ ಜಾಗಕ್ಕೆ ಟೆಟ್ರಾ ಪ್ಯಾಕು ಬಂತು. ಪರವಾನಗಿ ಇಲ್ಲದ ಗೂಡಂಗಡಿ, ಕಿರಾಣಿ ಅಂಗಡಿಗಳಲ್ಲಿ ಅದು ಬೆಳಿಗ್ಗೆ ಆರಕ್ಕೇ ಸಿಗುವ ಊರುಗಳಿವೆ. ಬಿಟ್ಟವರು ಹಾಲು ತರಲು ಹೋಗುವುದೂ ಅದೇ ಅಂಗಡಿಗೆ. ಒಬ್ಬರೇ ಹೋಗಿ ಅಂಗಡಿಯವರ ಜೊತೆ ಜಗಳಕ್ಕಿಳಿಯಬೇಡಿ. ಸಂಘದಿಂದ ಹತ್ತು ಸಹಿ ಹಾಕಿ ಅಬಕಾರಿ ಇಲಾಖೆಗೆ ಅರ್ಜಿ ಕೊಡಿ, ಒಂದು ಪ್ರತಿ ಪಂಚಾಯಿತಿಗೂ ಇರಲಿ. ಅರ್ಜಿಯಲ್ಲಿ ಜಾಗ, ಸಮಯ ಬರೆಯಿರಿ. ಬಿಟ್ಟವರ ಹೆಸರು ಎಲ್ಲೂ ಬರಬಾರದು.

ಗ್ರಾಮಸಭೆಯಲ್ಲಿ ಕೇಳಬೇಕಾದ ಇನ್ನೊಂದಿದೆ: ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕಾಯಿಲೆಯ ಮಾತ್ರೆಗಳು ದಾಸ್ತಾನಿವೆಯೇ, ಮನೋವೈದ್ಯರು ಕಳೆದ ತಿಂಗಳು ಎಷ್ಟು ಮಂಗಳವಾರ ಬಂದರು? ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ. ಬರೆದುಕೊಟ್ಟು, ನಡಾವಳಿ ಪುಸ್ತಕದಲ್ಲಿ ಸೇರಿಸಿ ಎಂದು ಹೇಳಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಕಳೆದ ಸಲ ನಮ್ಮ ಅರ್ಜಿ ಓದಿದ್ದು ನಾನಲ್ಲ. ಅಣ್ಣ ಎದ್ದು ನಿಂತು, ಹಾಳೆಯನ್ನು ನನ್ನ ಕೈಯಿಂದ ತಗೊಂಡ.